ಬಳೆ ತುಪಾಕಿ ಮತ್ತು ನನ್ನ ಗುಂಡುಕಲ್ಲು

ನನ್ನ ಸೊಸೆಗೆ ಹಳೆಯ ಸಾಮಾನು ಕಂಡರೆ ಆಗುವುದಿಲ್ಲ. ಆ ಸಾಮಾನಿನಲ್ಲಿ ನಾನೂ ಸೇರಿದ್ದೇನೆ. ಆದರೆ ನನ್ನನ್ನು ಎತ್ತಿ ಹಿತ್ತಲಲ್ಲಿ ಇಡುವಷ್ಟು ತೋಳಬಲ ಅವಳಿಗಿಲ್ಲ. ಮಸಾಲೆ ಅರೆಯುವ ಅಮ್ಮಿಕಲ್ಲನ್ನು ಇಟ್ಟಳು. ಮಿಕ್ಸಿ ಬಂದು ಎಷ್ಟೋ ವರ್ಷವಾಯಿತು, ಈ ಕಲ್ಲು ಅಡುಗೆಮನೆಯಲ್ಲಿ ಕಾಲಿಗೆ ಎಡವುತ್ತದೆ ಅಂತ ಅವಳ ದೂರು. ಮೊನ್ನೆ ಬೆಳಗ್ಗೆ ನೋಡುತ್ತೇನೆ, ಅದರ ಮೇಲೆ ನಾನು ಐವತ್ತು ವರ್ಷ ಮಸಾಲೆ ಅರೆದ ಗುಂಡುಕಲ್ಲು ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಕೂತಿದೆ.

“ಅದನ್ನ ಯಾಕೆ ಅಲ್ಲಿಟ್ಟೆ?” ಅಂದೆ.

“ಸುಮ್ನೆ ಬಿದ್ದಿತ್ತು ಅತ್ತೆ. ಗಾಳಿಗೆ ಮುಚ್ಚಳ ಹಾರ್ತದೆ. ಅದೂ ಏನಾರ ಒಂದು ಕೆಲ್ಸ ಮಾಡ್ಲಿ ಅಂತ.”

“ಅದು ಮಾಡಿರೋ ಕೆಲ್ಸ ನಿನಗೆ ಗೊತ್ತಿಲ್ಲ.”

“ಗೊತ್ತಿಲ್ದೆ ಏನು? ಊರಿಗೇ ಗೊತ್ತು,” ಅಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಊರಿಗೆ ಗೊತ್ತಿರುವುದು ಅರ್ಧ. ಮಿಕ್ಕ ಅರ್ಧವನ್ನು ಇಲ್ಲಿ ಹೇಳುತ್ತೇನೆ. ನಾನು ಓದಿದ್ದು ಮೂರನೆಯ ಕ್ಲಾಸು, ಅದೂ ತಮಿಳಿನಲ್ಲಿ. ಬರೆದುಕೊಳ್ಳುವವಳು ಮೈಸೂರಿಗೆ ಹೋಗಿ ಕನ್ನಡ ಅಕ್ಷರ ಕಲಿತು ಬಂದ ಮೊಮ್ಮಗಳು. ನಮ್ಮ ಮನೆಮಾತನ್ನು ಒಗೆದು, ಇಸ್ತ್ರಿ ಹಾಕಿ, ಮಡಿಸಿ ಇಡುತ್ತೇನೆ ಅಜ್ಜಿ ಅಂದಿದ್ದಾಳೆ. ಸುಕ್ಕು ಉಳಿದಿದ್ದರೆ ಅದು ನನ್ನದು.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿ, ಮನೆಮಾತು ಮಾತ್ರ ಕನ್ನಡ. ಕೆಳಗೆ ದ್ರಾಕ್ಷಿ ಚಪ್ಪರ, ಮೇಲೆ ಗುಡ್ಡದ ಅಂಚಿಗೆ ಒಂದಿಷ್ಟು ಕಡಲೆಕಾಯಿ ಹೊಲ. ದ್ರಾಕ್ಷಿ ನಮಗೆ, ಕಡಲೆಕಾಯಿ ಕಾಡುಹಂದಿಗೆ. ಇದು ನನ್ನ ಮಾವನವರ ಕಾಲದಿಂದ ನಡೆದು ಬಂದ ಪಾಲು. ಆ ಹಂದಿಗಳನ್ನು ಹೆದರಿಸುವುದಕ್ಕೆ ಅಂತಲೇ ನಮ್ಮ ಮನೆಗೊಂದು ತುಪಾಕಿ ಬಂದಿತ್ತು. ಬೆಟ್ಟದ ಮೇಲಿನ ಟೀ ತೋಟದಲ್ಲಿದ್ದ ಒಬ್ಬ ಬಿಳಿಯ ದೊರೆ ಸೀಮೆಗೆ ಹೊರಟಾಗ, ಅವನ ಸಾಮಾನನ್ನೆಲ್ಲ ಗಾಡಿಯಲ್ಲಿ ಹೇರಿ ಇಳಿಸಿಕೊಟ್ಟವರು ನನ್ನ ಮಾವ. ದೊರೆ ಹೋಗುವಾಗ ಇದನ್ನು ಮಾವನಿಗೆ ಕೊಟ್ಟು, ಕಾಗದ ಬರೆದು ಹೋದನಂತೆ. ಅದಕ್ಕೆ ಲೈಸೆನ್ಸು, ವರ್ಷ ವರ್ಷ ಸ್ಟೇಷನ್ನಿಗೆ ಅಲೆಯುವುದು, ಎಲೆಕ್ಷನ್ ಬಂದಾಗಲೆಲ್ಲ ಒಪ್ಪಿಸಿ ಬರುವುದು, ಎಲ್ಲ ಮಾವನ ನಂತರ ನಮ್ಮ ಯಜಮಾನರ ಪಾಲಿಗೆ ಬಂತು.

ಅದು ಬೇರೆಯವರ ಮನೆಯ ತುಪಾಕಿಯಂತೆ ನಳಿಗೆ ಮುರಿದು ತೋಟಾ ತುಂಬುವ ಜಾತಿಯದಲ್ಲ. ಬೆರಳು ಹಾಕಿ ಎಳೆಯುವ ಕುದುರೆಯ ಕೆಳಗೆ ಉದ್ದ ಬಳೆಯಂಥ ಒಂದು ಕಬ್ಬಿಣವಿತ್ತು. ಅದರೊಳಗೆ ಕೈಬೆರಳು ತೂರಿಸಿ ಕೆಳಗೆ ಒದ್ದು ಮೇಲೆ ಸೆಳೆದರೆ, ಹಳೆಯ ತೋಟಾ ಹಾರಿ ಹೊಸ ತೋಟಾ ಕೂರುತ್ತದೆ. ಕಟಕ್, ಕಟಕ್. ಊರವರು ಅದಕ್ಕೆ ಬಳೆ ತುಪಾಕಿ ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ: ಈ ಮನೆಯಲ್ಲಿ ಸೊಸೆಗೆ ಹಾಕಿದ್ದು ಎರಡು ಗಾಜಿನ ಬಳೆ, ತುಪಾಕಿಗೆ ಸೀಮೆ ಬಳೆ!

ನಮ್ಮ ಯಜಮಾನರು ಮದುವೆಗೆ ಮುಂಚೆ ಒಂದು ಹಂದಿ ಹೊಡೆದಿದ್ದರು. ಒಂದೇ ಒಂದು. ಅದರ ಕಥೆಯನ್ನು ನನಗೆ ಹೆಣ್ಣು ನೋಡಲು ಬಂದಾಗಲೇ ಹೇಳಿದರು, ನಿಶ್ಚಿತಾರ್ಥದಲ್ಲಿ ಹೇಳಿದರು, ಮದುವೆಯಾದ ಮೇಲೆ ಬೇರೇನು ಮಾತಾಡುವುದು ಅಂತ ಗೊತ್ತಾಗದಿದ್ದಾಗಲೂ ಅದನ್ನೇ ಹೇಳಿದರು. ಮದುವೆಯಾಗಿ ಒಂದು ವರ್ಷದೊಳಗೆ ಗುರಿ ಕೆಟ್ಟಿತು. ಹೊಡೆದದ್ದೆಲ್ಲ ಎಡಕ್ಕೆ. ಹಂದಿ ಹೊಲದಲ್ಲಿ ನಿಂತು ಕಡಲೆಕಾಯಿ ಅಗಿಯುತ್ತಿದ್ದರೆ, ಅದರ ಎಡಗಡೆಯ ಬಂಡೆಯಿಂದ ಪುಡಿ ಹಾರುತ್ತಿತ್ತು. ಹಂದಿಯೂ ಮೊದಮೊದಲು ಓಡುತ್ತಿತ್ತು, ಆಮೇಲೆ ಬಲಕ್ಕೆ ಎರಡು ಹೆಜ್ಜೆ ಸರಿದು ಅಗಿಯುತ್ತಿತ್ತು. ನನ್ನ ತಮ್ಮ ರಂಗಸಾಮಿ ತವರಿನಿಂದ ಬಂದು ಪಕ್ಕದ ಬೀದಿಯಲ್ಲೇ ನೆಲೆಸಿದವನು, ಬಾಯಿ ದೊಡ್ಡದು. ಅವನು ಭಾವನಿಗೆ ‘ಎಡಗಡೆ ಗೌಡರು’ ಅಂತ ಹೆಸರಿಟ್ಟ. ಊರು ಆ ಹೆಸರನ್ನು ಐವತ್ತು ವರ್ಷ ಬಿಡಲಿಲ್ಲ. “ಗೌಡರು ತುಪಾಕಿ ಎತ್ತಿದ್ರೆ ಎಡಗಡೆ ಮಾತ್ರ ನಿಲ್ಬ್ಯಾಡ್ರಪ್ಪಾ, ಎದುರಿಗೆ ನಿಂತ್ರೆ ಭಯವಿಲ್ಲ.”

ನನ್ನ ಅತ್ತೆ ಒಂದೇ ಮಾತು ಹೇಳಿದರು. “ಇವಳ ಕಾಲ್ಗುಣ. ಇವಳು ಒಳಗೆ ಬಂದಳು, ನನ್ನ ಮಗನ ಗುರಿ ಹೊರಗೆ ಹೋಯ್ತು.”

ಅತ್ತೆ ಸತ್ತು ಸ್ವರ್ಗದಲ್ಲಿದ್ದಾರೋ ಎಲ್ಲಿದ್ದಾರೋ, ಇವತ್ತು ಒಪ್ಪಿಕೊಳ್ಳುತ್ತೇನೆ. ಅವರು ಹೇಳಿದ್ದು ಸರಿ. ಕಾಲು ಅಂದದ್ದು ಮಾತ್ರ ತಪ್ಪು, ಮಾಡಿದ್ದು ಕೈ.

ಆಗ ನಾನು ಮೊದಲ ಬಸುರಿ. ನನ್ನ ತವರು ಪೆರಿಯಕುಳಂ, ಮಾವಿನ ತೋಪುಗಳ ನಡುವೆ ಹುಟ್ಟಿದವಳು. ಬಸುರಿಗೆ ಹುಳಿ ಬೇಕು ಅನ್ನಿಸುವುದು ಲೋಕದಲ್ಲಿ ಹೊಸದಲ್ಲ. ನಮ್ಮ ಹಿತ್ತಲಲ್ಲೂ ಒಂದು ಮಾವಿನ ಮರವಿತ್ತು, ಕಾಯಿ ಇತ್ತು, ಆದರೆ ಅತ್ತೆ ಅದನ್ನು ಉಪ್ಪಿನಕಾಯಿಗೆ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಅವತ್ತು ಅವರು ನೀರಿಗೆ ಹೋಗಿದ್ದರು. ನಾನು ಹುಳಿಗೆ ಮಸಾಲೆ ಅರೆಯುತ್ತಿದ್ದವಳು ಎದ್ದು ಹೋಗಿ ನೋಡಿದೆ. ಕಾಯಿ ಕೀಳುವ ದೋಟಿಯನ್ನು ಪಕ್ಕದ ಮನೆಯವರು ನುಗ್ಗೆಕಾಯಿಗೆ ಅಂತ ಒಯ್ದಿದ್ದರು. ಗೋಡೆಯ ಮೇಲೆ ತುಪಾಕಿ ತೂಗುತ್ತಿತ್ತು. ಉದ್ದ ಸರಿಯಿತ್ತು. ತುದಿಯಲ್ಲಿ ಸಣ್ಣ ಗೂಟದಂಥದ್ದು ಎದ್ದು ನಿಂತಿತ್ತು, ತೊಟ್ಟಿಗೆ ಸಿಕ್ಕಿಸಿ ಎಳೆಯಲು ಹೇಳಿ ಮಾಡಿಸಿದ ಹಾಗೆ.

ಸೀಮೆಯ ದೊರೆ ತನ್ನ ತುಪಾಕಿಯನ್ನು ದೋಟಿ ಮಾಡಿಯಾರು ಅಂತ ಕನಸಿನಲ್ಲೂ ನೆನೆದಿರಲಾರ. ನಾನು ಹಿಂದಿನ ಮರದ ಹಿಡಿಯನ್ನು ಹೊಟ್ಟೆಗೆ ಆನಿಸಿಕೊಂಡು, ನಳಿಗೆ ಎತ್ತಿ, ಗೂಟವನ್ನು ತೊಟ್ಟಿಗೆ ಸಿಕ್ಕಿಸಿ ಎಳೆದೆ. ಒಂದು ಸಲ, ಎರಡು ಸಲ, ಮೂರನೆಯ ಸಲ ಇಡೀ ಮೈಭಾರ ಹಾಕಿ ಎಳೆದೆ. ಕಾಯಿ ಬಿತ್ತು. ಒಳಗೆ ತೋಟಾ ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಇದ್ದಿದ್ದರೆ ನೀವು ಈಗ ಬೇರೆ ಯಾರದೋ ಕಥೆ ಓದುತ್ತಿದ್ದಿರಿ.

ಇಳಿಸಿ ನೋಡಿದರೆ ಆ ಗೂಟ ತಾನು ಕೂತಿದ್ದ ಕಚ್ಚಿನಲ್ಲಿ ಒಂದು ಪಕ್ಕಕ್ಕೆ ಜಾರಿಕೊಂಡು, ಕುಡಿದವನ ರುಮಾಲಿನ ಹಾಗೆ ವಾರೆಯಾಗಿ ಕೂತಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಅತ್ತೆಯ ಗಂಟಲು ಕೇಳಿಸಿತು. ನಾನು ಓಡಿ ಒಳಗೆ ಬಂದು, ಅರಿಶಿನ ಮೆಣಸಿನಕಾಯಿ ಮೆತ್ತಿದ್ದ ಗುಂಡುಕಲ್ಲನ್ನೇ ಎತ್ತಿ ಅದಕ್ಕೆ ನಾಲ್ಕು ಕೊಟ್ಟೆ. ಮತ್ತೆ ನಡುವಿಗೆ ಬಂದ ಹಾಗೆ ಕಂಡಿತು. ಸೆರಗಿನಿಂದ ಒರೆಸಿ ಗೋಡೆಗೆ ತೂಗು ಹಾಕಿದೆ. ಮಾವಿನಕಾಯಿಯನ್ನು ಉಪ್ಪು ಹಾಕಿಕೊಂಡು ತಿಂದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು.

ಗುರಿ ಎಡಕ್ಕೆ ಹೋಗತೊಡಗಿದ ಮೇಲೆ ಭಯವಾಯಿತು. ನಮ್ಮಲ್ಲಿ ಕಷ್ಟ ಬಂದಾಗ ಒಂದು ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ, ಬೇಡಿಕೊಂಡು, ದೇವರ ಹಲಗೆಯ ಮೇಲೆ ಇಡುತ್ತೇವೆ. ಮುಡಿಪು ಅನ್ನುತ್ತೇವೆ. ಬೇಡಿದ್ದು ಆದ ಮೇಲೆ ಅದನ್ನು ಮನೆದೇವರ ಹುಂಡಿಗೆ ಹಾಕಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ನಾನೂ ಕಟ್ಟಿಟ್ಟೆ. ಬೇಡಿಕೊಂಡದ್ದು: “ಸಾಮೀ, ಈ ಗುಟ್ಟು ಯಾವ ಕಾಲಕ್ಕೂ ಯಾರಿಗೂ ಗೊತ್ತಾಗಬಾರದು.” ಇದರಲ್ಲಿ ಒಂದು ತೊಡಕಿದೆ ಅಂತ ಆಮೇಲೆ ತಿಳಿಯಿತು. ಯಾವ ಕಾಲಕ್ಕೂ ಅಂದಮೇಲೆ ಆ ಕಾಲ ಮುಗಿಯುವುದು ಯಾವಾಗ, ಮುಡಿಪು ತೀರಿಸುವುದು ಯಾವಾಗ? ಹಾಗಾಗಿ ಆ ಗಂಟು ದೇವರ ಹಲಗೆಯ ಮೇಲೆ ಹೊಗೆ ಕುಡಿದು ಕರಿ ಹಿಡಿದು ಐವತ್ತು ವರ್ಷ ಕೂತಿತು. ನಮ್ಮ ಯಜಮಾನರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. “ನೋಡು, ನನ್ನ ಗುರಿ ತಿರುಗಿ ಬರ್ಲಿ ಅಂತ ಇವಳು ಕಟ್ಟಿಟ್ಟ ಮುಡಿಪು. ಎಂಥಾ ಹೆಂಡ್ತಿ!” ನಾನು ಎಂದೂ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಕಾಫಿ ತರಲು ಒಳಗೆ ಹೋಗುತ್ತಿದ್ದೆ.

ಹೀಗೇ ಕಾಲ ಹೋಯಿತು. ಕಾಡಿನ ಇಲಾಖೆಯವರ ಕಟ್ಟುಪಾಡು ಬಿಗಿಯಾಯಿತು, ಬೇಟೆಯ ಮಾತೇ ಎತ್ತುವಂತಿಲ್ಲವಾಯಿತು. ತುಪಾಕಿ ಅಟ್ಟ ಸೇರಿತು. ಹೋದ ವರ್ಷ ಮಗ ಹೇಳಿದ: “ಅಪ್ಪಾ, ನಿನಗೆ ಎಂಬತ್ತಾಗ್ತಾ ಬಂತು. ಲೈಸೆನ್ಸು ಮುಗೀತದೆ, ಈ ಸಲ ತಿರುಗಿ ಬರೆಸೋದು ಬೇಡ. ತುಪಾಕಿ ಒಪ್ಪಿಸಿಬಿಡೋಣ.” ಇವರು ಸೆರಿ ಅಂದರು. ಒಪ್ಪಿಸಿಯೂ ಬಿಡುತ್ತಿದ್ದರು. ಅಷ್ಟರಲ್ಲಿ ಮದುರೈಯಲ್ಲಿ ಇವರ ಬಲಗಣ್ಣಿನ ಪೊರೆ ತೆಗೆದರು.

ಕಟ್ಟು ಬಿಚ್ಚಿದ ದಿನ ಇವರು ಸುತ್ತ ನೋಡಿದರು. ಗೋಡೆ ನೋಡಿದರು, ಕ್ಯಾಲೆಂಡರ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಇವಳೇ, ಇಷ್ಟೊಂದು ಮುದುಕಿ ಯಾವಾಗಾದೆ?”

“ನೀವು ನೋಡ್ದೆ ಇದ್ದಾಗ,” ಅಂದೆ.

ಅವತ್ತಿನಿಂದ ಒಂದೇ ಹಟ. ಕಣ್ಣು ಹೊಸದಾಗಿದೆ, ಗುರಿ ಕೆಟ್ಟದ್ದು ಕಣ್ಣಿನಿಂದ ತಾನೇ, ತುಪಾಕಿಯನ್ನು ನೆಟ್ಟಗೆ ಮಾಡಿಸಿ ಒಂದೇ ಒಂದು ಸಲ ಹೊಡೆದು ನೋಡಿ ಒಪ್ಪಿಸುತ್ತೇನೆ. “ಎಡಗಡೆ ಗೌಡರು ಅನ್ನೋ ಹೆಸರು ಹೊತ್ಕೊಂಡು ನಾನು ಸಾಯಕಿಲ್ಲ. ಒಂದು ಏಟು. ತಗುಲಿದ್ರೆ ಆ ರಂಗಸಾಮಿ ಎಲ್ಲರ ಮುಂದೆ ಆ ಹೆಸರು ವಾಪಸ್ ತಗೋಬೇಕು.” ರಂಗಸಾಮಿ ಒಪ್ಪಿದ. ಅವನಿಗೇನು, ಐವತ್ತು ವರ್ಷದ ಅನುಭವವಿತ್ತು.

ಎಲ್ಲರಿಗೂ ಅದು ತಮಾಷೆ. ಇವರಿಗಲ್ಲ. ರಾತ್ರಿ ಊಟಕ್ಕೆ ಕೂತಾಗ ಬಲಗಣ್ಣು ಮುಚ್ಚಿ, ತೆರೆದು, ಉಪ್ಪಿನ ಬಟ್ಟಲಿಗೆ ಗುರಿ ಇಡುತ್ತಿದ್ದರು. ನಾನು ನೋಡಿಯೂ ನೋಡದವಳ ಹಾಗೆ ಅನ್ನ ಬಡಿಸುತ್ತಿದ್ದೆ.

ದಿಂಡುಗಲ್ಲಿನಲ್ಲಿ ಅಂತೋಣಿ ಆಸಾರಿ ಅಂತ ಒಬ್ಬರಿದ್ದಾರೆ. ಹಿರಿಯರ ಕಾಲದಿಂದ ಬೀಗ ಮಾಡುವ ಮನೆತನ. ತುಪಾಕಿ ರಿಪೇರಿಗೂ ಲೈಸೆನ್ಸು ಇದೆ. ಕಾಗದವನ್ನೆಲ್ಲ ಮಗ ಸರಿಮಾಡಿಕೊಟ್ಟ. ನಾವಿಬ್ಬರೇ ಹೊರಟೆವು. ದಿನಕ್ಕೆ ನಾಲ್ಕು ಸಲ ಇವರ ಕಣ್ಣಿಗೆ ಔಷಧಿ ಬಿಡಬೇಕು, ಅದಕ್ಕೆ ನಾನು ಬೇಕು ಅಂತ ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ನಿಮಗೆ ಗೊತ್ತು.

ತುಪಾಕಿಯನ್ನು ಕೋರೆಚಾಪೆಯಲ್ಲಿ ಸುತ್ತಿ, ನನ್ನ ಹಳೆಯ ಸೀರೆಯಲ್ಲಿ ಕಟ್ಟಿ ಬಸ್ಸು ಹತ್ತಿದೆವು. ಬತ್ತಲಗುಂಡಿನಲ್ಲಿ ಕಂಡಕ್ಟರ್ ಕೇಳಿದ: “ಎನ್ನ ಆತ್ತಾ ಅದು, ಏನವ್ವಾ ಅಷ್ಟುದ್ದ?” ಇವರು ಕೆಮ್ಮಿದರು. ನಾನು “ತುಪಾಕಿ” ಅಂದೆ. ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕು, “ಅಜ್ಜಿ ನೋಡಿ, ಏನ್ ಗುಸುಂಬು, ಏನ್ ತುಂಟತನ!” ಅಂತ ಡ್ರೈವರಿಗೆ ಹೇಳುತ್ತಾ ಮುಂದೆ ಹೋದ. ಜೀವನದಲ್ಲಿ ನಾನು ಕಂಡದ್ದು ಇದು. ನಿಜ ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಸುಳ್ಳು ಹೇಳುವ ಶ್ರಮ ಅನೇಕ ಸಲ ದಂಡ.

ಆಸಾರಿಯ ಅಂಗಡಿಯ ಗೋಡೆ ತುಂಬ ಬೀಗ. ಅಂಗೈಯಗಲದ್ದು, ಕೋಟೆ ಬಾಗಿಲಿಗೆ ಆಗುವಂಥದ್ದು, ಕಳ್ಳ ಕೀಲಿ ಹಾಕಿದರೆ ಅದನ್ನೇ ಕಚ್ಚಿಕೊಂಡು ಬಿಡದ್ದು. ನಡುವೆ ಒಂದು ಸಾಲು ಮಾವಿನಕಾಯಿ ಆಕಾರದವು. ಅವನ್ನು ನೋಡಿ ನನಗೆ ಕೂರಲಾಗಲಿಲ್ಲ.

ಆಸಾರಿ ಚಾಪೆ ಬಿಚ್ಚಿ, ಹೆಣ ನೋಡುವ ಡಾಕ್ಟರಂತೆ ಸುತ್ತ ನಡೆದರು. ನಳಿಗೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬಳೆ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಹಿಡಿಯ ಮೂಲೆಯನ್ನು ಗೆದ್ದಲು ತಿಂದಿತ್ತು. ಹಿಂದಿನ ಗುರಿಗಂಡಿ ಅರ್ಧ ಮುರಿದಿತ್ತು. ನನಗೆ ಅವತ್ತೇ ಗೊತ್ತಾಗಿದ್ದು ಈ ವಿದ್ಯೆ: ಹಿಂದೆ ಒಂದು ಗಂಡಿ, ಮುಂದೆ ತುದಿಯಲ್ಲಿ ಒಂದು ಮಣಿ. ಗಂಡಿಯ ನಡುವೆ ಮಣಿ ಕೂರಬೇಕು, ಮಣಿಯ ಮೇಲೆ ಹಂದಿ ಕೂರಬೇಕು, ಆಗ ಕುದುರೆ ಎಳೆಯಬೇಕು. ನಾನು ದೋಟಿಯ ಕೊಕ್ಕೆ ಅಂದುಕೊಂಡದ್ದು ಆ ಮಣಿಯ ಗೂಟ.

ಆಸಾರಿ ಭೂತಕನ್ನಡಿ ಹಿಡಿದು ಆ ಗೂಟದ ಹತ್ತಿರ ಬಹಳ ಹೊತ್ತು ನಿಂತರು. ನಾನು ಗೋಡೆಯ ಬೀಗ ಎಣಿಸತೊಡಗಿದೆ.

“ಗೌಂಡರೇ, ಮಣಿ ಅರ್ಧ ಅಕ್ಕಿಕಾಳಿನಷ್ಟು ಬಲಕ್ಕೆ ಸರಿದಿದೆ. ಮಣಿ ಬಲಕ್ಕೆ ಹೋದರೆ ಏಟು ಎಡಕ್ಕೆ ಹೋಗ್ತದೆ. ಯಾರೋ ಇದಕ್ಕೆ ಕಲ್ಲಲ್ಲಿ ಹೊಡೆದಿದ್ದಾರೆ.”

“ಕಲ್ಲಲ್ಲಾ? ಯಾರು ಹೊಡೀತಾರೆ?”

ಆಸಾರಿ ಸೂಜಿಯಿಂದ ಮಣಿ ಕೂತ ಕಚ್ಚಿನೊಳಗೆ ಕೆದಕಿ, ಬಂದ ಪುಡಿಯನ್ನು ಕಾಗದದ ಮೇಲೆ ಉದುರಿಸಿ, ಮೂಸಿದರು. “ಮಂಜಳ್,” ಅಂದರು. ಅರಿಶಿನ.

ಇವರು ನಕ್ಕರು. “ಅಷ್ಟೇನಾ? ವರ್ಷ ವರ್ಷ ಆಯುಧಪೂಜೆಗೆ ಅರಿಶಿನ ಕುಂಕುಮ ಇಡ್ತೀವಲ್ಲ ಆಸಾರಿ.”

ನನಗೆ ಉಸಿರು ಬಂತು. ಆಯುಧಪೂಜೆ ಕಂಡುಹಿಡಿದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಬೀಗದವರು ಸುಲಭಕ್ಕೆ ಬಿಡುವ ಜಾತಿಯಲ್ಲ. ಆಸಾರಿ ಸೂಜಿಯ ತುದಿಯಲ್ಲಿ ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ಪೂಜೆಯ ಅರಿಶಿನದಲ್ಲಿ ಮೆಣಸಿನಬೀಜ ಇರ್ತದಾ ಗೌಂಡರೇ?”

ಇವರು ಬೀಜ ನೋಡಿದರು. ಹೊಸ ಕಣ್ಣು, ಚೆನ್ನಾಗಿಯೇ ಕಂಡಿರಬೇಕು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಸುತ್ತಿಬಳಸಿ ಮಾತಾಡುವವಳಲ್ಲ.

“ಮಾವಿನಕಾಯಿ ಕೀಳಕ್ಕೆ ಹೋಗಿದ್ದೆ. ಬಸುರಿ. ದೋಟಿ ಇರಲಿಲ್ಲ. ಮಣಿ ಜಾರ್ತು, ಗುಂಡುಕಲ್ಲಲ್ಲಿ ಕುಟ್ಟಿ ಕೂರಿಸ್ದೆ. ನಿಮ್ಮವ್ವ ಬರ್ತಿದ್ರು.”

“ಯಾವಾಗ?”

“ನಿಮ್ಮ ದೊಡ್ಡಮಗ ಹೊಟ್ಟೆಯಲ್ಲಿದ್ದಾಗ.”

ಬೈಯುತ್ತಾರೆ ಅಂದುಕೊಂಡೆ. ಬೈದರೆ ತಿರುಗಿ ಬೈಯಲು ನನ್ನ ಹತ್ತಿರ ಐವತ್ತು ವರ್ಷದ ಸರಕಿತ್ತು. ಅವರು ಬೈಯಲಿಲ್ಲ. ಸ್ಟೂಲಿನಿಂದ ಎದ್ದರು, ಕೂತರು, ಮತ್ತೆ ಎದ್ದರು. ಮುಖ ಮದುವೆ ಮಂಟಪದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಅರಳಿತ್ತು.

“ಹಂಗಾದ್ರೆ ನನ್ನ ಗುರಿ ಕೆಟ್ಟಿರ್ಲಿಲ್ಲ! ಆಸಾರಿ, ಕೇಳಿದ್ರಾ? ನನ್ನ ಕಣ್ಣು ಕೆಟ್ಟಿರ್ಲಿಲ್ಲ! ಇವಳೇ, ಫೋನ್ ಕೊಡು, ರಂಗಸಾಮಿಗೆ ಫೋನ್ ಹಾಕು!”

ಆಸಾರಿಗೆ ಮೂರು ವಾರ ಬೇಕಾಯಿತು. ಬೀಗಕ್ಕೂ ಈ ಬಳೆ ತುಪಾಕಿಗೂ ಒಳಗಿನ ಕರುಳು ಒಂದೇ ಅನ್ನುತ್ತಿದ್ದರು; ಅದೇ ಸ್ಪ್ರಿಂಗು, ಅದೇ ನಾಲಗೆ, ಒಂದನ್ನೊಂದು ತಳ್ಳುವ ಅದೇ ಜಗಳ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದೇ ಮೊಳೆ ಬಿಚ್ಚಿ, ತುಕ್ಕು ಉಜ್ಜಿ, ಮುರಿದ ಗುರಿಗಂಡಿಗೆ ಬದಲು ಉಕ್ಕಿನ ತುಂಡನ್ನು ಅರದಿಂದ ತೇಯ್ದು ಹೊಸದು ಮಾಡಿ ಕೂರಿಸಿದರು. ಗೆದ್ದಲು ತಿಂದ ಹಿಡಿಗೆ ತೇಪೆ ಹಾಕಲು ಚೆನ್ನಾಗಿ ಪಕ್ವವಾದ ಹಳೆಯ ಮರ ಬೇಕು ಅಂದರು. ನನ್ನ ಮುರಿದ ಒನಕೆ ಅಟ್ಟದಲ್ಲಿತ್ತು, ಕಳಿಸಿಕೊಟ್ಟೆ. ಬಳೆ ಮೊದಲೇ ಇತ್ತು, ಅರಿಶಿನ ಮೆಣಸಿನಕಾಯಿ ನಾನು ಹಾಕಿದ್ದೆ, ಈಗ ಒನಕೆಯೂ ಸೇರಿತು. ಆ ತುಪಾಕಿಗೆ ಇನ್ನು ಒಲೆಯೊಂದು ಬಾಕಿ.

ಆ ಮೂರು ವಾರ ನಾನು ಅನುಭವಿಸಿದ್ದನ್ನು ಶತ್ರುವೂ ಅನುಭವಿಸಬಾರದು. ನಮ್ಮ ಯಜಮಾನರು ಬೆಳಗ್ಗೆ ಟೀ ಅಂಗಡಿಗೆ ಹೋಗಿ ಕೂತರೆ ಮಧ್ಯಾಹ್ನದ ಊಟಕ್ಕೆ ಕರೆಯಬೇಕು. ಹೋದ ಐವತ್ತು ವರ್ಷದಲ್ಲಿ ತಪ್ಪಿದ ಏಟುಗಳನ್ನೆಲ್ಲ ಒಂದೊಂದಾಗಿ ತೆಗೆದು, ಅರ್ಧ ಅಕ್ಕಿಕಾಳು ಬಲಕ್ಕೆ ಸರಿಸಿ, ತಗುಲಿಸಿಬಿಟ್ಟರು. ಕಡಲೆಕಾಯಿ ಹೊಲದ ಒಂಟಿ ಹಂದಿ ಸತ್ತಿತು. ಹಳ್ಳದ ಪಕ್ಕದಲ್ಲಿ ಮರಿಗಳೊಂದಿಗೆ ಬಂದದ್ದು ಸತ್ತಿತು. ನಮ್ಮ ದೊಡ್ಡಮಗನ ಕಿವಿ ಚುಚ್ಚಿದ ದಿನ ಕಂಡ ಕೋರೆಹಲ್ಲಿನದು ಎರಡು ಸಲ ಸತ್ತಿತು. ಒಂದೇ ವಾರದಲ್ಲಿ ಕಂಬಂ ಕಣಿವೆಯಲ್ಲಿ ಹಂದಿಯ ಸಂತತಿಯೇ ಇಲ್ಲವಾಯಿತು. ಬೀದಿಯಲ್ಲಿ ಹೋದರೆ ಜನ ನನ್ನನ್ನು ನಿಲ್ಲಿಸಿ, “ಅವ್ವಾ, ಮಾವಿನಕಾಯಿ ರುಚಿಯಾಗಿತ್ತಾ?” ಅನ್ನುವರು. “ಬಲು ರುಚಿ, ನಿನ್ನ ಹೆಂಡತಿಗೂ ತಂದ್ಕೊಡು,” ಅನ್ನುತ್ತಿದ್ದೆ. ಗಂಡ ಒಬ್ಬರು ಮಾತ್ರ ಏನೂ ಅನ್ನಲಿಲ್ಲ. ಒಂದು ಸಂಜೆ ಮುಡಿಪಿನ ಕಡೆ ನೋಡಿ, “ಪಾಪ, ತಪ್ಪು ಮಾಡಿದ್ದಕ್ಕೇ ನನ್ನ ಗುರಿಗೋಸ್ಕರ ಕಟ್ಟಿಟ್ಟಿದ್ದೀಯ,” ಅಂದರು. ಕಾಫಿ ತರಲು ಒಳಗೆ ಹೋದೆ.

ಆಸಾರಿ ಫೋನ್ ಮಾಡಿದರು. ಈ ಹಳೆಯ ತುಪಾಕಿಗೆ ಆಗುವ ತೋಟಾ ಸಿಗುವುದೇ ಇಲ್ಲ, ಎಲ್ಲೆಲ್ಲೋ ಹುಡುಕಿಸಿ ಮೂರು ತಂದಿದ್ದೇನೆ, ಬನ್ನಿ ಅಂದರು. ಮೂರು. ಎರಡು ಆಸಾರಿಗೆ, ಗುರಿ ಕೂರಿಸಲು. ಒಂದು ಇವರಿಗೆ. ಆಮೇಲೆ ತುಪಾಕಿ ಅಲ್ಲೇ ಒಪ್ಪಿಸಿ ಬರುವುದು. ರಂಗಸಾಮಿಯೂ ಜೊತೆಗೆ ಬಂದ. ಬಿಳಿ ಪಂಚೆ ಉಟ್ಟು, ಸಾವಿನ ಮನೆಗೆ ಹೋಗುವವನಂತೆ ಮುಖ ಮಾಡಿಕೊಂಡಿದ್ದ, ಒಳಗೆ ನಗು ಕುದಿಯುತ್ತಿತ್ತು.

ಸಿರುಮಲೆ ಬೆಟ್ಟದ ಬುಡದಲ್ಲಿ ಆಸಾರಿಗೆ ಸರ್ಕಾರ ಒಪ್ಪಿಕೊಟ್ಟ ಜಾಗವಿತ್ತು; ದೊಡ್ಡ ಮಣ್ಣಿನ ಗೋಡೆ, ಅದರ ಮುಂದೆ ಕಲ್ಲಿನ ಮೇಲೆ ಒಂದು ಎಣ್ಣೆ ಡಬ್ಬ. ಡಬ್ಬಕ್ಕೆ ಸುಣ್ಣದಲ್ಲಿ ಬೊಟ್ಟು. ತುಪಾಕಿ ನೋಡಿದರೆ ಗುರುತು ಸಿಗಲಿಲ್ಲ. ಎಣ್ಣೆ ಸ್ನಾನ ಮಾಡಿದ ಮದುಮಗನ ಹಾಗೆ ಮಿನುಗುತ್ತಿತ್ತು, ತುದಿಯಲ್ಲಿ ಹಿತ್ತಾಳೆಯ ಮಣಿ. ಆಸಾರಿ ಬಳೆಯನ್ನು ಒದ್ದು ಸೆಳೆದರು. ಕಟಕ್, ಕಟಕ್. ಆ ಸದ್ದಿಗೆ ಇವರ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ.

ಮೊದಲ ಏಟು ಡಬ್ಬದ ಎಡ ಅಂಚನ್ನು ಸವರಿತು. ಆಸಾರಿ ಕಿರುಬೆರಳಿನಷ್ಟು ಸುತ್ತಿಗೆಯಿಂದ ಮಣಿಯನ್ನು ಒಂದೇ ಸಲ, ಮಗುವಿನ ತಲೆ ತಟ್ಟಿದ ಹಾಗೆ ತಟ್ಟಿದರು. ಎರಡನೆಯ ಏಟಿಗೆ ಸುಣ್ಣದ ಬೊಟ್ಟು ಇದ್ದ ಕಡೆ ತೂತು. ರಂಗಸಾಮಿಯ ಮುಖ ಸ್ವಲ್ಪ ಇಳಿಯಿತು.

ಇನ್ನು ಇವರ ಸರದಿ. ಆಸಾರಿ ತುಪಾಕಿಯನ್ನು ನನ್ನ ಕೈಗೆ ಕೊಟ್ಟು, ನಳಿಗೆ ಗೋಡೆಯ ಕಡೆಗೇ ಇರಲಿ ಆತ್ತಾ ಅಂತ ಎಚ್ಚರಿಸಿ, ಕೊನೆಯ ತೋಟಾ ತರಲು ಪೆಟ್ಟಿಗೆಯ ಹತ್ತಿರ ಹೋದರು. ಡಬ್ಬದ ತೂತಿಗೆ ಬೆರಳು ಹಾಕಿ ನೋಡಲು ಹೊರಟಿದ್ದ ರಂಗಸಾಮಿಯನ್ನು ಆಸಾರಿ ಗದರಿಸಿ ಹಿಂದಕ್ಕೆ ಕರೆದರು. ಇವರು ಅಂಗಿಯ ಗುಂಡಿ ಹಾಕಿಕೊಂಡರು. ಒಂದು ತಪ್ಪು ಕಾಜಿಗೆ ಹೋಗಿತ್ತು, ಬಿಚ್ಚಿ ಮತ್ತೆ ಹಾಕಿಕೊಂಡರು.

ಆಮೇಲೆ ತುಪಾಕಿ ತೆಗೆದುಕೊಂಡರು. ಆಸಾರಿ ತೋಟಾ ಹಾಕಿಕೊಟ್ಟರು. ಇವರು ಹೆಗಲಿಗೆ ನನ್ನ ಒನಕೆಯ ತೇಪೆ ಆನಿಸಿ, ಕೆನ್ನೆ ಒತ್ತಿ, ಬಹಳ ಹೊತ್ತು ನಿಂತರು. ಒಂದು ಕಾಗೆ ಕೂಗಿ ಸುಮ್ಮನಾಯಿತು. ಎಂಬತ್ತರ ಮುದುಕ, ಹೊಸ ಕಣ್ಣು, ಐವತ್ತು ವರ್ಷದ ಹೆಸರು. ನನಗೆ ದೇವರನ್ನು ಬೇಡಿಕೊಳ್ಳುವ ಅಭ್ಯಾಸ ಕಡಿಮೆ. ಅವತ್ತೂ ಬೇಡಲಿಲ್ಲ, ಹಲ್ಲು ಕಚ್ಚಿಕೊಂಡೆ.

ಡಮಾರ್!

ಮಣ್ಣಿನ ಗೋಡೆಯಲ್ಲಿ ಪುಡಿ ಹಾರಿತು. ಡಬ್ಬಕ್ಕೆ ಒಂದು ಮಾರು ದೂರದಲ್ಲಿ. ಈ ಸಲ ಬಲಕ್ಕೆ.

ಡಬ್ಬ ಅಲ್ಲಾಡಲಿಲ್ಲ. ಇವರು ತುಪಾಕಿ ಇಳಿಸಲಿಲ್ಲ, ಹಾಗೇ ಹಿಡಿದುಕೊಂಡು ಗೋಡೆಯನ್ನೇ ನೋಡುತ್ತಿದ್ದರು. ಪೊರೆ ತೆಗೆದ ಕಣ್ಣು, ಎಲ್ಲವೂ ಕಾಣುತ್ತಿತ್ತು, ಅದೇ ತೊಂದರೆ. ರಂಗಸಾಮಿ ಬಾಯಿ ತೆರೆದ. ಅವನ ಬಾಯಿಂದ ಏನು ಬರುತ್ತದೆ ಅಂತ ನನಗೆ ಅವನು ಹುಟ್ಟಿದಾಗಿನಿಂದ ಗೊತ್ತು.

“ಅಯ್ಯೋ, ನನ್ನ ಕೈ ಸುಟ್ಟೋಗ!” ಅಂದೆ ನಾನು, ಅವನಿಗಿಂತ ಮುಂಚೆ, ಅವನಿಗಿಂತ ಗಟ್ಟಿಯಾಗಿ. “ಆಗ ನನ್ನ ಕೈಗೆ ಕೊಟ್ರಲ್ಲ ಆಸಾರಿ, ಭಾರ ತಡೀದೆ ತುದಿ ಆ ಬಂಡೆಗೆ ತಗುಲ್ತು. ಟಣ್ ಅಂತು. ಹೇಳೋಣ ಅಂದ್ಕೊಂಡೆ, ಬೈತಾರೆ ಅಂತ ಸುಮ್ನಿದ್ದೆ.”

ರಂಗಸಾಮಿ ತೆರೆದ ಬಾಯಿ ಹಾಗೇ ನಿಂತಿತು. ಇವರು ನಿಧಾನವಾಗಿ ತುಪಾಕಿ ಇಳಿಸಿದರು. ಆಸಾರಿ ಬಂದು ಅದನ್ನು ತೆಗೆದುಕೊಂಡು ಮಣಿಯನ್ನು ನೋಡಿದರು. ಒಂದು ಕಣ್ಣು ಮುಚ್ಚಿ ಗಂಡಿಯಿಂದ ನೋಡಿದರು. ಬಂಡೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು, ಅದನ್ನೂ ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ನಾನೂ ಅವರನ್ನೇ ನೋಡಿದೆ, ಕಣ್ಣು ಮಿಟುಕಿಸದೆ.

ಬೀಗ ಮಾಡುವವರಿಗೆ ಯಾವುದನ್ನು ಮುಚ್ಚಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

“ಆಮಾ, ಹೌದು,” ಅಂದರು ಆಸಾರಿ. “ಸರಿದಿದೆ. ಎಡಕ್ಕೆ ಸರಿದಿದೆ. ಅದಕ್ಕೇ ಬಲಕ್ಕೆ ಹೋಯ್ತು.” ಜೇಬಿನಿಂದ ಆ ಪುಟ್ಟ ಸುತ್ತಿಗೆ ತೆಗೆದು, ಇವರಿಗೂ ರಂಗಸಾಮಿಗೂ ಬೆನ್ನು ಮಾಡಿ, ಟಿಕ್ ಟಿಕ್ ಅನ್ನಿಸಿದರು. ತಟ್ಟಿದ್ದು ಮಣಿಯನ್ನಲ್ಲ, ತಮ್ಮ ಬೆಲ್ಟಿನ ಬಿಲ್ಲೆಯನ್ನು. ನಾನು ನಿಂತಿದ್ದ ಕಡೆಯಿಂದ ಮಾತ್ರ ಅದು ಕಾಣುತ್ತಿತ್ತು.

“ಇನ್ನೊಂದು ತೋಟಾ?” ಅಂದರು ಇವರು, ಮೆಲ್ಲಗೆ.

“ಇಲ್ಲ ಗೌಂಡರೇ. ಇನ್ನು ಸಿಗೋದೂ ಇಲ್ಲ.”

ರಂಗಸಾಮಿ ತಲೆಗೆ ಕೈಹೊತ್ತು ಕೂತ. “ಅಕ್ಕಾ, ನಿನ್ನ ಕೈಗೆ ಏನು ಬಂದಿದೆ ಅಕ್ಕಾ? ಐವತ್ತು ವರ್ಷದ ಹಿಂದೆ ಒಂದು ಸಲ, ಇವತ್ತೊಂದು ಸಲ! ಮನುಷ್ಯ ಒಂದು ಏಟು ಹೊಡೀಬಾರ್ದಾ?”

ಅಷ್ಟು ಹೊತ್ತಿಗೆ ಇವರ ಬೆನ್ನು ಮತ್ತೆ ನೆಟ್ಟಗಾಗಿತ್ತು. “ಬಿಡು ರಂಗಸಾಮಿ, ಬೈಬ್ಯಾಡ. ಇವಳ ಕೈಗೆ ತುಪಾಕಿ ಕೊಟ್ಟದ್ದೇ ತಪ್ಪು. ಹೆಂಗಸು, ಏನು ಗೊತ್ತಾಗ್ತದೆ,” ಅಂತ ದೊಡ್ಡ ಮನಸ್ಸು ಮಾಡಿ ನನ್ನನ್ನು ಕ್ಷಮಿಸಿದರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಮನೆಯಲ್ಲಿ ಎರಡು ಹೊತ್ತು ಗಂಜಿ ಕುಡಿಸುತ್ತಿದ್ದೆ. ತುಪಾಕಿ ಒಪ್ಪಿಸಿ ಬರುವಾಗ ರಂಗಸಾಮಿ ಬತ್ತಲಗುಂಡಿನ ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಬೋಂಡಾ ತಿನ್ನುತ್ತಾ ಎಲ್ಲರ ಮುಂದೆ ಹೇಳಿದ, ಇನ್ನು ಎಡಗಡೆ ಗೌಡರು ಅನ್ನುವುದಿಲ್ಲ ಅಂತ. ಎಲ್ಲರ ಮುಂದೆ ಅಂದರೆ ನಾನು, ಬೋಂಡಾದವನು, ಒಂದು ಆಡು. ಇವರಿಗೆ ಅಷ್ಟು ಸಾಕಾಗಿತ್ತು.

ಮನೆಗೆ ಬಂದು ದೇವರ ಹಲಗೆಯ ಹತ್ತಿರ ನಿಂತೆ. ಹಳೆಯ ಗುಟ್ಟು ಬಯಲಾಗಿತ್ತು, ಮುಡಿಪು ಮುರಿದುಬಿದ್ದ ಹಾಗೇ. ಗಂಟು ಬಿಚ್ಚಿ ಕಾಸನ್ನು ಹೊರಗೆ ತೆಗೆಯಬೇಕಿತ್ತು. ಕೈಯಿಟ್ಟವಳು ಹಾಗೇ ಬಿಟ್ಟೆ. ಬಂಡೆಯ ಹೊಸ ಗುಟ್ಟಿಗೂ ಕೇಳಬೇಕಾದ್ದು ಅದೇ ಅಲ್ಲವೇ, ಯಾವ ಕಾಲಕ್ಕೂ ಯಾರಿಗೂ ಗೊತ್ತಾಗಬಾರದು ಅಂತ? ಹೊಸ ಬಟ್ಟೆ ಯಾಕೆ ದಂಡ. ಇವರು ಹಿಂದಿನಿಂದ ಬಂದು, “ಇನ್ನೂ ತೀರಿಸಿಲ್ವಾ ಅದನ್ನ? ಗುರಿ ಸರಿ ಇದೆ ಅಂತ ಗೊತ್ತಾಯ್ತಲ್ಲ,” ಅಂದರು. ಕಾಫಿ ತರಲು ಒಳಗೆ ಹೋದೆ.

ಅಜ್ಜೀ, ಇದನ್ನೆಲ್ಲ ಬರೆದು ಅಚ್ಚು ಹಾಕಿಸಿದರೆ ತಾತನಿಗೆ ಗೊತ್ತಾಗುವುದಿಲ್ಲವಾ ಅಂತ ಮೊಮ್ಮಗಳು ಪೆನ್ನು ನಿಲ್ಲಿಸಿ ಕೇಳುತ್ತಿದ್ದಾಳೆ. ಹುಚ್ಚಿ. ನಮ್ಮ ಬೀದಿಯವರೆಲ್ಲ ಹುಟ್ಟಿದಾಗಿನಿಂದ ಕನ್ನಡದಲ್ಲೇ ಜಗಳವಾಡುತ್ತಾರೆ, ಕನ್ನಡದಲ್ಲೇ ಅಳುತ್ತಾರೆ; ಕನ್ನಡದ ಒಂದಕ್ಷರ ಓದಲು ಈ ಹುಡುಗಿಯೊಬ್ಬಳನ್ನು ಬಿಟ್ಟು ಯಾರಿಗೂ ಬರುವುದಿಲ್ಲ. ಇವರ ಕಣ್ಣು ಎಷ್ಟು ಹೊಸದಾದರೇನು? ಪುಸ್ತಕ ತಂದು ಎದುರಿಗೆ ಇಟ್ಟರೂ, ನನ್ನ ಹೆಂಡತಿಯ ಹೆಸರು ಎಲ್ಲಿದೆ ತೋರಿಸು ಅಂತ ಕೇಳಿ, ಹೆಮ್ಮೆಯಿಂದ ಟೀ ಅಂಗಡಿಗೆ ಒಯ್ಯುತ್ತಾರೆ.

ನೀವು ಓದಬಲ್ಲವರು, ಆದರೆ ದೂರದವರು. ಈ ಕಡೆ ಬಂದರೆ ನಮ್ಮ ಮನೆಗೆ ಬನ್ನಿ, ದ್ರಾಕ್ಷಿ ತಿನ್ನಿ, ಉಂಡು ಹೋಗಿ. ಹಂದಿಯ ಕಥೆಯನ್ನು ಅವರಾಗಿಯೇ ಹೇಳುತ್ತಾರೆ. ಬಂಡೆ ಎಷ್ಟು ದೂರದಲ್ಲಿತ್ತು ಅಂತ ಮಾತ್ರ ಕೇಳಬೇಡಿ.